"ಹೊರಗಿನವ್ರ ಕೈ ಐತಿ" ಅಂತ ಫಾರ್ವರ್ಡ್ ಬಂದ್ರ ಹೆಂಗ ಜಾಡಿಸಿ ನೋಡೋದು

2024ರ ಆಗಸ್ಟ್ 5ಕ್ಕ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ಹೋದ್ರಲ್ಲ, ಅವತ್ತ ಸಂಜೀಕ ನಮ್ಮ ಮನಿ ಗ್ರೂಪಿನ್ಯಾಗ ಧಾರವಾಡದ ಕಾಕಾಂದು ಮೆಸೇಜು, "ಇದೆಲ್ಲಾ ಸಿಐಎ ಆಟ, ಎಲ್ಲಾರಿಗೂ ಮುಟ್ಟಸ್ರಿ". (ಸಿಐಎ ಅಂದ್ರ ಅಮೆರಿಕದ ಗುಪ್ತಚರ ಸಂಸ್ಥೆ.) ಮ್ಯಾಲ ಎರಡ ಬಾಣದ ಗುರ್ತು, ಅಂದ್ರ ಭಾಳ ಕೈ ದಾಟಿ ಬಂದ ಮಾಲು. ಮುಂದ 2025ರ ಸೆಪ್ಟೆಂಬರದಾಗ ನೇಪಾಳದ ಪ್ರಧಾನಿ ಓಲಿ ರಾಜೀನಾಮೆ ಕೊಟ್ರು, ಮತ್ತ ಅದ ಮೆಸೇಜು, ಢಾಕಾ ಇದ್ದಲ್ಲೆ ಕಾಠ್ಮಂಡು ಹಾಕಿದ್ರು, ಆದ್ರ ಮೂರನೇ ಪ್ಯಾರಾದಾಗ ಒಂದ ಕಡೆ ಢಾಕಾ ತಗ್ಯಾಕ ಮರ್ತಿದ್ರು.

ನಕ್ಕು ಬಿಟ್ರ ಸಾಲಂಗಿಲ್ಲ, ಯಾಕಂದ್ರ ದೊಡ್ಡ ದೇಶಗೋಳು ಖರೇನ ಸಣ್ಣ ದೇಶದ ಸರ್ಕಾರ ಕೆಡವ್ಯಾವ, ಇಲೆಕ್ಷನ್ನಿಗೆ ರೊಕ್ಕ ಸುರುವ್ಯಾವ, ಇದು ಕಟ್ಟಿ ಮ್ಯಾಲಿನ ಸುದ್ದಿ ಅಲ್ಲ, ಅವರ ದಫ್ತರದಾಗನ ಐತಿ. ಹಂಗಂತ ಬಂದದ್ದೆಲ್ಲಾ ನಂಬಾಕೂ ಆಗಂಗಿಲ್ಲ. ಒಂದ ಐತವಾರ ಸಪ್ತಾಪುರದಾಗ ಕಾಕಾನ ಮನ್ಯಾಗ ಗಿರ್ಮಿಟ್ಟು ತಿನಕೋತ ಇಬ್ರೂ ಕುಂತು ಆ ಮೆಸೇಜ್ ಜಾಡಿಸಿದ್ವಿ, ಅದನ್ನ ಇಲ್ಲಿ ಬರೀತೀನಿ, ನಿಮ್ಮನ್ಯಾಗೂ ಒಬ್ರು ಕಾಕಾ ಇದ್ದ ಇರ್ತಾರ.

ಮೊದಲ ಕೇಳ್ರಿ, ಕೈವಾಡ ಅಂದ್ರ ಎಂಥಾ ಕೈವಾಡಪಾ? ರಾಯಭಾರಿ ವಿರೋಧ ಪಕ್ಷದವ್ರ ಜೋಡಿ ಚಾ ಕುಡದ್ರೂ ಕೈವಾಡ, ಟ್ಯಾಂಕ್ ತಂದು ನಿಂದ್ರಿಸಿದ್ರೂ ಕೈವಾಡ ಅಂದ್ರ ಹೆಂಗ. 1948ರ ಇಟಲಿ ಇಲೆಕ್ಷನ್‌ದಾಗ ಸಿಐಎ ಕ್ರಿಶ್ಚಿಯನ್ ಡೆಮೊಕ್ರಾಟ್‌ರಿಗೆ ರೊಕ್ಕ ಕೊಟ್ಟಿತ್ತು, ಆ ಕಡೆ ಕಮ್ಯುನಿಸ್ಟರಿಗೆ ಮಾಸ್ಕೋದಿಂದ ಬರ್ತಿತ್ತು, ಅದು ಒಂದ ನಮೂನಿ. 1968ರ ಆಗಸ್ಟ್‌ದಾಗ ಸೋವಿಯತ್ ಟ್ಯಾಂಕ್ ಪ್ರಾಗ್ ಊರೊಳಗ ಹೊಕ್ಕಿದ್ದು ಬ್ಯಾರೆ ನಮೂನಿ. ಕಾಕಾನ ಮೆಸೇಜಿನ್ಯಾಗ ರೊಕ್ಕೋ, ಸುಳ್ಳ ಸುದ್ದಿಯೋ, ಮಿಲಿಟರಿಯೋ ಅಂತ ಒಂದೂ ಬರೆದಿರಲಿಲ್ಲ, ಬರೇ "ಆಟ". ಯಾವ ಆಟ ಅಂತ ಹೇಳದ ಮೆಸೇಜ್ ಅಲ್ಲೇ ಅರ್ಧಾ ಫೇಲ್.

ಟ್ಯಾಂಕು ಬಂದೂಕು ಅಷ್ಟ ನೋಡಬ್ಯಾಡ್ರಿ, ಭಾಳ ಸಲ ಮೊದಲ ಬರೋದು ಕಾಗದ. ನಮ್ಮ ಭಾಗದವ್ರಿಗೆ ಇದನ್ನ ಬಿಡಿಸಿ ಹೇಳೋದ ಬ್ಯಾಡ, ಕಿತ್ತೂರಿನ ದತ್ತಕ ನಾವು ಒಪ್ಪಂಗಿಲ್ಲ ಅಂತ ಬ್ರಿಟಿಷರು ಅಂದದ್ದರಿಂದನ ಎಲ್ಲಾ ಶುರುವಾತು, ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ಕ್ಕ ಅಲ್ಲೇ ಸತ್ತ. ನರಗುಂದದ ಬಾಬಾಸಾಹೇಬಗೂ ಅದ ದತ್ತಕದ ತಕರಾರು, 1858ರಾಗ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಂದ್ರು. ಆ ಹುದ್ದೆ ಹೆಸರ ನೋಡ್ರಿ, ಪೊಲಿಟಿಕಲ್ ಏಜೆಂಟ್ ಅಂತ, ಮುಚ್ಚು ಮರಿ ಇಲ್ಲ.

ಎರಡನೇದ್ದು, ಒಳಗ ಮೊದಲ ಏನ್ ಜಗಳ ಇತ್ತು ನೋಡ್ರಿ. ಇದಕ್ಕ ಇರಾನ್ ಒಂದ ತಗೊಂಡ್ರ ಸಾಕು, ಎಲ್ಲಾ ಅದರಾಗ ಐತಿ. 1951ರಾಗ ಪ್ರಧಾನಿ ಮೊಸಾದೆಘ್ ಎಣ್ಣಿ ಬಾವಿ ದೇಶದ್ದು ಅಂತ ರಾಷ್ಟ್ರೀಕರಣ ಮಾಡಿದ, ಬ್ರಿಟನ್ನಿನ ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಗೆ ಹೊಟ್ಟಿ ಮ್ಯಾಲ ಹೊಡದಂಗ ಆತು, ಬ್ರಿಟನ್ ಎಣ್ಣಿ ಮಾರಾಕ ಬಿಡದಂಗ ಅಡ್ಡ ನಿಂತು ಆಮ್ಯಾಲ ಅಮೆರಿಕಾನೂ ಒಪ್ಪಿಸ್ತು. ಸಿಐಎದ ಕರ್ಮಿಟ್ ರೂಸ್‌ವೆಲ್ಟ್ ತೆಹ್ರಾನಿಗೆ ಬಂದ. ಅಲ್ಲೂ ಮೊದಲ ಕಾಗದನ, ಇರಾನಿನ ರಾಜಾ ಷಾನ ಕಡಿಂದ ಮೊಸಾದೆಘ್‌ನ ವಜಾ ಮಾಡೋ ಫರ್ಮಾನು ಬರೆಸಿ 1953ರ ಆಗಸ್ಟ್ 15ರ ರಾತ್ರಿ ಕಳಿಸಿದ್ರು. ತಂದ ಕರ್ನಲ್‌ನ್ನ ಹಿಡದು ಒಳಗ ಹಾಕಿದ್ರು, ಷಾ ಬಾಗ್ದಾದಿಗೆ ಓಡಿದ, ಅಲ್ಲಿಂದ ರೋಮ್. ಅಂದ್ರ ಪ್ಲ್ಯಾನ್ ಕೆಟ್ಟಿತ್ತು! ಆದ್ರ 19ಕ್ಕ ರೊಕ್ಕ ಕೊಟ್ಟು ತಂದ ಮಂದಿ, ಖರೇನ ಸಿಟ್ಟಾದ ಮಂದಿ, ಸಿಪಾಯಿಗಳು ಎಲ್ಲಾ ಕೂಡಿ ಬೀದಿಗಿಳದು ಸರ್ಕಾರ ಬಿತ್ತು. ಕಾಶಾನಿ ಅನ್ನೋ ಮೌಲ್ವಿ ಮೊದಲ ಮೊಸಾದೆಘ್ ಕಡೆ ಇದ್ದಾವ, ಅಷ್ಟರಾಗ ಬ್ಯಾರೆ ಆಗಿದ್ದ. ಸಿಐಎ ತನ್ನ ಕಾಗದದಾಗ ಹೌದು ನಮ್ಮದ ಕೆಲಸ ಅಂತ ಒಪ್ಪಿದ್ದು ಹೊರಗ ಬಂದದ್ದು 2013ಕ್ಕ, 60 ವರ್ಷ ಆತು. ಹೊರಗಿನ ಕೈನೂ ಖರೆ, ಒಳಗಿನ ಒಡಕೂ ಖರೆ, ಒಂದ ಹೇಳಿ ಇನ್ನೊಂದ ಮುಚ್ಚಿದ್ರ ಆ ಮೆಸೇಜ್ ಬರದಾವ್ಗ ಏನೋ ಬೇಕಾಗೇತಿ ಅಂತ ತಿಳ್ಕೋರಿ.

ಢಾಕಾದಾಗ 2024ರ ಜುಲೈದಾಗ ಗದ್ಲ ಶುರುವಾಗಿದ್ದು ಸರ್ಕಾರಿ ನೌಕರಿ ಕೋಟಾ ಸಲುವಾಗಿ. ನೇಪಾಳದಾಗ ಸರ್ಕಾರ 26 ಸೋಶಿಯಲ್ ಮೀಡಿಯಾ ಆ್ಯಪ್ ಬಂದ್ ಮಾಡಿತ್ತು, ಭ್ರಷ್ಟಾಚಾರದ ಸಿಟ್ಟು ಮೊದಲ ಇತ್ತು. ಇವು ಎರಡೂ ಕಾಕಾನ ಮೆಸೇಜಿನ್ಯಾಗ ಇರಲಿಲ್ಲ.

ಮೂರನೇದ್ದು ನನಗ ಎಲ್ಲಕ್ಕಿಂತ ಸೇರೋದು, ಈ ಸುದ್ದಿ ಮೊಟ್ಟಮೊದಲ ಎಲ್ಲಿ ಛಾಪಾತು. 1983ರ ಜುಲೈದಾಗ ದಿಲ್ಲಿಯ ಪೇಟ್ರಿಯಟ್ ಪೇಪರಿನ್ಯಾಗ ಹೆಸರಿಲ್ಲದ "ಅಮೆರಿಕದ ವಿಜ್ಞಾನಿ" ಬರದ ಪತ್ರ ಬಂತು, ಏಡ್ಸ್ ರೋಗ ಅಮೆರಿಕದ ಮಿಲಿಟರಿನ ತಯಾರ ಮಾಡೇತಿ ಅಂತ. ಅದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಹಾಕಿಸಿದ್ದು. ಎರಡ ವರ್ಷ ಬಿಟ್ಟು 1985ರಾಗ ಮಾಸ್ಕೋದ ಒಂದ ವಾರಪತ್ರಿಕೆ "ಭಾರತದ ಪೇಪರ್ ಬರದೈತಿ" ಅಂತ ಅದನ್ನ ತಗೊಂಡು ಬರೀತು, ಅಲ್ಲಿಂದ ಊರೂರು ಅಡ್ಡಾಡ್ತು. ತಾನ ಬಿತ್ತಿ ತಾನ ರಾಶಿ ಮಾಡಿ, ಬೆಳಿ ಮಾತ್ರ ಇಂಡಿಯಾದ್ದು ಅಂದಂಗ! 1992ರಾಗ ರಷ್ಯಾದ ಗುಪ್ತಚರ ಮುಖ್ಯಸ್ಥ ಪ್ರಿಮಾಕೋವ್ ಇದನ್ನ ಒಪ್ಪಿಕೊಂಡ್ರು.

ಅದಕ್ಕ ಮೆಸೇಜಿನ ಒಂದ ಸಾಲು ಕಾಪಿ ಮಾಡಿ ಗೂಗಲ್‌ದಾಗ ಎರಡೂ ಕಡೆ ಕೊಟೇಶನ್ ಗುರ್ತು ಹಚ್ಚಿ ಹುಡುಕ್ರಿ, ಎಷ್ಟೋ ಸಲ ಹಳೇ ತಾರೀಖಿನ್ಯಾಗ ಬ್ಯಾರೆ ದೇಶದ ಹೆಸರಲೆ ಸಿಗ್ತದ. ವಿಡಿಯೋ ಇದ್ರ ಸ್ಕ್ರೀನ್‌ಶಾಟ್ ತಗದು ಗೂಗಲ್ ಲೆನ್ಸಿಗೆ ಹಾಕ್ರಿ. ಕಾಕಾನ ಮೆಸೇಜಿನ ಕೆಳಗ ಸ್ವಿಮ್ಮಿಂಗ್ ಪೂಲಿನ್ಯಾಗ ಮಂದಿ ಜಿಗಿಯೋ ವಿಡಿಯೋ ಇತ್ತು, ಲೆನ್ಸ್ ಬೇಕಾಗಲೇ ಇಲ್ಲ, ಕಾಕಾ ತಾವ ಕನ್ನಡಕ ಏರಿಸಿ ಫೋನ್ ಮೂಗಿನ ಹಂತೇಕ ಹಿಡಕೊಂಡು "ಲೇ ತಮ್ಮಾ, ಈ ಧ್ವಜದಾಗ ಸಿಂಹ ಐತಲೋ" ಅಂದ್ರು. 2022ರ ಜುಲೈದಾಗ ಶ್ರೀಲಂಕಾದ ಕೊಲಂಬೊದಾಗ ಮಂದಿ ಅಧ್ಯಕ್ಷರ ಮನಿಗೆ ನುಗ್ಗಿದ ವಿಡಿಯೋ! ಗಿರ್ಮಿಟ್ಟು ಕೈಯಾಗ ಹಂಗ ಉಳೀತು.

ಇನ್ನ ಕಾಗದ ಹುಡುಕೋದು. ಅಮೆರಿಕದ ವಿದೇಶಾಂಗ ಇಲಾಖೆ ಹಳೇ ಕಡತ ಪುಕ್ಕಟ ನೆಟ್ಟಿಗೆ ಹಾಕೇತಿ, ಸಿಐಎಗೂ ಆನ್‌ಲೈನ್ ರೀಡಿಂಗ್ ರೂಮ್ ಐತಿ. 1975ರಾಗ ಸೆನೆಟರ್ ಫ್ರಾಂಕ್ ಚರ್ಚ್ ಸಮಿತಿ ಚಿಲಿ ಲೆಕ್ಕಾನೂ ಹೊರಗ ಹಾಕ್ತು, ಅಧ್ಯಕ್ಷ ಅಯೆಂದೆ ಗೆದ್ದ 1970ರಿಂದ 1973ರ ದಂಗೆತನಕ ಸಿಐಎ ಗುಟ್ಟಾಗಿ ಸುರುವಿದ್ದು ಸುಮಾರು 80 ಲಕ್ಷ ಡಾಲರ್. ಡೋವ್ ಲೆವಿನ್ ಅನ್ನೋ ಸಂಶೋಧಕ 1946ರಿಂದ 2000ದತನಕ ಇಂಥಾ ಇಲೆಕ್ಷನ್ ಕೈವಾಡ 117 ಎಣಿಸ್ಯಾನ, ಅಮೆರಿಕಾದ್ದು 81, ಸೋವಿಯತ್-ರಷ್ಯಾದ್ದು 36. ಒಂದ ಮಾತು, ಕಡತ ಬಿಚ್ಚೋ ದೇಶದ ಪಾಪ ಜಾಸ್ತಿ ಕಾಣ್ತದ, ಕೀಲಿ ಹಾಕಿದಾವ್ರದ್ದು ಕಡಿಮಿ ಕಾಣ್ತದ, ಎಣಕಿ ನೋಡುವಾಗ ಇದು ತಲ್ಯಾಗ ಇರ್ಲಿ. ಹೊಸ ಘಟನಾಕ್ಕ ಕಾಗದ ಲಗೂ ಸಿಗಂಗಿಲ್ಲ, ಅಲ್ಲಿತನಕ "ಇನ್ನೂ ಗೊತ್ತಾಗಿಲ್ಲ" ಅನ್ನಾಕ ಏನ್ ಮಾನ ಹೋಗೂದಿಲ್ಲ.

ಕಡೀಕ ದೇಶದ ಹೆಸರು ಅದಲಬದಲ ಮಾಡ್ರಿ, ಅದ ಕೆಲಸ ನಮ್ಮ ದೇಶ ಮಾಡಿದ್ರ ಏನ್ ಅಂತಿದ್ವಿ ಅಂತ ಕೇಳ್ಕೋರಿ. ಇಲ್ಲೇ ಕಾಕಾಗೂ ನನಗೂ ಜಗಳ ಆದದ್ದು. 1988ರಾಗ ಮಾಲ್ದೀವ್ಸಿಗೆ ನಮ್ಮ ಮಿಲಿಟರಿ ಹೋತು, ಅಲ್ಲಿನ ಅಧ್ಯಕ್ಷ ತಾನ ಕರದಿದ್ದ, ಅದು ಸರಿ ಅಂದ್ರು. 2015ರಾಗ ನೇಪಾಳದ ಗಡಿ ಬಂದಾಗಿ ಪೆಟ್ರೋಲ್ ಗ್ಯಾಸ್ ಇಲ್ದಂಗಾತು, ಇಂಡಿಯಾನ ಮಾಡ್ತು ಅಂತ ಅವ್ರು, ನಾವಲ್ಲ ನಿಮ್ಮ ತೆರಾಯಿ ಬಯಲಿನ ಮಧೇಸಿ ಮಂದಿನ ಗಡಿಗೆ ಕುಂತಾರ ಅಂತ ನಾವು. "ಅದು ಬ್ಯಾರೆ ಬಿಡು" ಅಂದ್ರು ಕಾಕಾ. ಯಾಕ ಬ್ಯಾರೆ ಅಂದೆ. ಕಾಕೂ ಚಾ ತಂದು ಇಟ್ಟು "ಸಾಕ ಮಾಡ್ರಿ ಇಬ್ರೂ" ಅಂದ್ರು. ಇಂದಿರಾ ಗಾಂಧಿ ಮಾತ ಮಾತಿಗೆ ವಿದೇಶಿ ಕೈ ಅಂತಿದ್ರಲ್ಲ, 1978ರಾಗ ಅಮೆರಿಕದ ಮಾಜಿ ರಾಯಭಾರಿ ಮೊಯ್ನಿಹನ್, ಕಮ್ಯುನಿಸ್ಟರನ್ನ ತಡ್ಯಾಕ ಕಾಂಗ್ರೆಸ್ಸಿಗೇ ಎರಡ ಸಲ ನಾವು ರೊಕ್ಕ ಕೊಟ್ಟಿದ್ವಿ ಅಂತ ಬರದ್ರು, ಇಂದಿರಾ ಅಲ್ಲ ಅಂದ್ರು.

ಉತ್ತರ ಬರಿಯೋದೂ ಒಂದ ಕಲಾ. ಗ್ರೂಪಿನ್ಯಾಗ ಎಲ್ಲಾರ ಮುಂದ ಹಿರ್ಯಾರಿಗೆ ಸುಳ್ಳು ಅನಬ್ಯಾಡ್ರಿ, ಬ್ಯಾರೆ ಮೆಸೇಜ್ ಹಾಕ್ರಿ: "ಕಾಕಾ, ಕೋಟಾ ಗದ್ಲ ಖಾತ್ರಿ ಐತಿ, ಹೊರಗಿನ ರೊಕ್ಕಕ್ಕ ಇದರಾಗ ಕಾಗದ ಇಲ್ಲ, ವಿಡಿಯೋ ಶ್ರೀಲಂಕಾದ್ದು ಐತ್ರಿ." ಇಷ್ಟ ಸಾಕು. ಈಗ ಕಾಕಾ ಗ್ರೂಪಿಗೆ ಹಾಕೋಕಿಂತ ಮೊದಲ ನನಗ ಕಳಸ್ತಾರ, ಮುಂಜಾನೆ ಐದೂವರಿಗೆ, "ನೋಡಪಾ ಇದು ಖರೇ ಏನ?" ಅಂತ, ದಿನಾ ಐದಾರು.