ಚಳಿಗೆ ಕೀಲು ಹಿಡಿದರೆ: ಅವ್ವನ ಮಾತ್ರೆ ಬಸುರಿ ಮಗಳಿಗಲ್ಲ

ಕಾರ್ತೀಕ ಕಳೆದು ಚಿತ್ರದುರ್ಗದ ಗುಡ್ಡದ ಕಡೆಯಿಂದ ಚಳಿಗಾಳಿ ಬೀಸತೊಡಗಿದರೆ ನಮ್ಮ ಮನೆಯಲ್ಲಿ ಮೊದಲು ನರಳುವುದು ಅವ್ವನ ಮಂಡಿ. ಹೋದ ವರ್ಷ ಅದರ ಜೊತೆಗೆ ಹೆರಿಗೆಗೆಂದು ಬಂದಿದ್ದ ತಂಗಿಯ ಸೊಂಟವೂ ಸೇರಿತು. ಮಗಳ ಸಂಕಟ ನೋಡಲಾರದೆ ಅವ್ವ ತನ್ನ ನೋವಿನ ಮಾತ್ರೆಯನ್ನೇ ಏಳು ತಿಂಗಳ ಬಸುರಿಯ ಕೈಗಿಟ್ಟಿದ್ದಳು. ಆ ಹೊತ್ತಿಗೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದದ್ದು ನಮ್ಮ ಪುಣ್ಯ.

ಚಳಿಗೆ ಸ್ನಾಯು ಬಿಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾವು ಮುದುಡಿ ಕೂರುತ್ತೇವೆ, ಕೂತಷ್ಟೂ ಕೀಲು ಹಿಡಿಯುತ್ತದೆ. ಹಾಗಾಗಿ ಮೊದಲು ಬೆಚ್ಚಗಾಗಬೇಕು, ಆಮೇಲೆ ಆಡಿಸಬೇಕು.

ಹಾಸಿಗೆಯಲ್ಲೇ ಶುರು ಮಾಡಿ. ಏಳುವ ಮುಂಚೆ ಎರಡೂ ಪಾದಗಳನ್ನು ಹತ್ತು ಸಲ ಹಿಂದೆ ಮುಂದೆ ಮಾಡಿ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿಯನ್ನು ಹತ್ತು ಸಲ ಮಡಚಿ, ಬಿಡಿಸಿ. ತಣ್ಣನೆ ಸಿಮೆಂಟ್ ನೆಲಕ್ಕೆ ಬರಿಗಾಲಿಡಬೇಡಿ.

ಕಾವು ಕೊಡಿ. ಬಿಸಿನೀರಿನ ಚೀಲವನ್ನೋ ಹುರಿದ ಉಪ್ಪಿನ ಗಂಟನ್ನೋ ಟವೆಲಿನಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು, ಅವರಿಗೆ ಚಳ್ಳಕೆರೆ ಕಂಬಳಿಯ ಬಿಸುಪೇ ಸಾಕು. ಕೀಲು ಕೆಂಪಗೆ ಊದಿಕೊಂಡು ತಾನೇ ಬಿಸಿಯಾಗಿದ್ದರೆ ಕಾವು ಬೇಡ. ಎಣ್ಣೆ ಯಾವುದಾದರೂ ನಡೆದೀತು. ಹಗುರಾಗಿ ತಿಕ್ಕುವ ಕೈಯೇ ಅಲ್ಲಿ ಹೆಚ್ಚಿನ ಕೆಲಸ ಮಾಡುವುದು.

ಬಿಸಿಲೇರಿದ ಮೇಲೆ ನಡೆಯಿರಿ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೀಳವಾಗಿ ಚಾಚಿ, ಐದು ಎಣಿಸಿ, ಇಳಿಸಿ. ಮಂಡಿಯ ಮೇಲಿನ ತೊಡೆ ಬಲವಾದಷ್ಟೂ ಮಂಡಿಗೆ ಭಾರ ಕಡಿಮೆ.

ಇನ್ನು ಬಸುರಿಯ ಮಾತು. ಹೆರಿಗೆಗೆ ದಾರಿ ಬಿಡಲೆಂದು ದೇಹವೇ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಸುರಿಸಿ ಸೊಂಟದ ಕಟ್ಟುಗಳನ್ನು ಸಡಿಲಿಸುತ್ತದೆ. ಅವ್ವನದು ಬಿಗಿದ ಕೀಲು, ತಂಗಿಯದು ಸಡಿಲಗೊಂಡ ಕೀಲು. ಎರಡಕ್ಕೂ ಒಂದೇ ಮದ್ದು ಹೇಗಾದೀತು?

ಎಡಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬಿಡಿ. ಮಗ್ಗುಲು ಬದಲಿಸುವಾಗ ಎರಡೂ ಮಂಡಿ ಜೋಡಿಸಿಕೊಂಡೇ ಹೊರಳಿ. ಲಂಗವನ್ನೋ ಪ್ಯಾಂಟನ್ನೋ ಒಂಟಿ ಕಾಲಲ್ಲಿ ನಿಂತು ತೊಡಬೇಡಿ, ಕೂತು ತೊಡಿ. ಧನುರ್ಮಾಸದ ಬೆಳಗಿನಲ್ಲಿ ಒದ್ದೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುವ ಕೆಲಸವನ್ನು ಈ ವರ್ಷ ಮನೆಯ ಬೇರೆ ಯಾರಾದರೂ ವಹಿಸಿಕೊಳ್ಳಲಿ. ಗಂಡಸರಿಗೂ ಚುಕ್ಕಿ ಎಣಿಸಲು ಬರುತ್ತದೆ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಹಂಡೆಯ ಕುದಿನೀರಲ್ಲ. ಸೊಂಟಕ್ಕೆ ಹದವಾದ ಕಾವು ಸರಿ, ಹೊಟ್ಟೆಯ ಮೇಲೆ ಬೇಡವೇ ಬೇಡ.

ಮಾತ್ರೆಯ ವಿಷಯ ಕಟ್ಟುನಿಟ್ಟು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು 20 ವಾರ ದಾಟಿದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ತಗ್ಗಿಸಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅವಧಿಗೆ ಮುಂಚೆ ಮುಚ್ಚಿಕೊಳ್ಳಲೂಬಹುದು. ಹಚ್ಚುವ ಜೆಲ್, ನಾಟಿ ಗುಳಿಗೆಗಳನ್ನೂ ಕೇಳದೆ ಬಳಸಬೇಡಿ. ಪ್ಯಾರಾಸಿಟಮಾಲ್ ಆದರೂ ವೈದ್ಯರು ಹೇಳಿದಷ್ಟೇ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಬಸುರಿಯಾಗುವ ಯೋಚನೆ ಬಂದಾಗಲೇ ವೈದ್ಯರಿಗೆ ಹೇಳಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಇರಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋಗಿ, ನೋವಿನ ವಿಷಯ ನಾಚದೆ ಹೇಳಿ.

ಇವು ಕಂಡರೆ ಆ ದಿನಕ್ಕೂ ಕಾಯಬೇಡಿ: ಒಂದೇ ಮೀನಖಂಡ ಊದಿ ನೋಯುವುದು, ಮುಖ-ಕೈ ಬಾತು ತಲೆನೋವು, ಕಣ್ಣು ಮಂಜಾಗುವುದು, ಜ್ವರದ ಜೊತೆ ಕೆಂಪಗೆ ಊದಿದ ಕೀಲು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಬಸುರಿಯಲ್ಲದವರಿಗೂ ಬೆಳಗಿನ ಬಿಗಿತ ದಿನವೂ ಗಂಟೆಗೂ ಮೀರಿ ಉಳಿದರೆ ಅದು ಬರೀ ಚಳಿಯಲ್ಲ, ತೋರಿಸಿ.

ಹೆರಿಗೆಯಾದ ಮೇಲೆ ಬಾಣಂತಿಯ ಮಂಚದ ಕೆಳಗೆ ಕೆಂಡವಿಡುವ ರೂಢಿ ನಮ್ಮಲ್ಲಿನ್ನೂ ಇದೆ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತದೆ. ಅದು ತಾಯಿ, ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲಬಲ್ಲದು. ಕಾಲುಚೀಲ, ಕುಲಾವಿ, ಕಂಬಳಿ ಇರಲಿ. ಕೆಂಡ ಹೊರಗೆ ಅಂಗಳದಲ್ಲಿರಲಿ.