ಟ್ಯೂನ್ ಮಾಡಿದ ಗಾಡಿಗೆ ಎಥನಾಲ್: ಮೊದಲು ಪರ್ಸೆಂಟ್, ಆಮೇಲೆ ಮ್ಯಾಪ್

ಇ85 (ಶೇ 85ರಷ್ಟು ಎಥನಾಲ್, ಉಳಿದದ್ದು ಪೆಟ್ರೋಲ್) ಹಾಕಿದರೆ ಪವರ್ ಜಾಸ್ತಿ ಬರುತ್ತಂತೆ, ನಿಜಾನಾ ಅಂತ ಕೇಳುವವರು ತುಂಬಾ ಜನ. ನಿಜ. ಆದರೆ ಸುಮ್ನೆ ಟ್ಯಾಂಕಿಗೆ ಸುರಿದರೆ ಬರುವುದಿಲ್ಲ. ಪೆಟ್ರೋಲಿನ ಮ್ಯಾಪ್‌ನಲ್ಲೇ (ಎಷ್ಟು ಇಂಧನ, ಯಾವಾಗ ಕಿಡಿ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳುವ ಪಟ್ಟಿ) ಓಡಿಸಿದರೆ ಗಾಡಿ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ, ಪಿಕಪ್ ಸಾಯುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಬೂಸ್ಟ್ (ಟರ್ಬೊ ಗಾಳಿ ತುರುಕುವ ಒತ್ತಡ) ಏರಿಸಿದ ಟರ್ಬೊ ಎಂಜಿನ್ ಆಗಿದ್ದರೆ ಪಿಸ್ಟನ್ನಿಗೇ ಕುತ್ತು.

ಎಥನಾಲ್ ಕೊಡುವುದು ಎರಡು. ಒಂದು ಆಕ್ಟೇನ್, ಅಂದರೆ ಇಂಧನ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ, ಶುದ್ಧ ಎಥನಾಲಿನದು ಸುಮಾರು 108 ರಾನ್ (ಆಕ್ಟೇನಿನ ಒಂದು ಅಳತೆ). ಇನ್ನೊಂದು ತಂಪು. ಕೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ತಣ್ಣಗಾಗುತ್ತಲ್ಲ, ಅದೇ ಕೆಲಸ ಸಿಲಿಂಡರ್ ಒಳಗೆ ನಡೆಯುತ್ತದೆ. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಳ್ಳುತ್ತದೆ. ಒಳಗಿನ ಗಾಳಿ ತಣ್ಣಗಾದಷ್ಟೂ ನಾಕ್ (ಇಂಧನ ತಾನಾಗಿ ಸಿಡಿದು ಬರುವ ಬಡಿತ) ದೂರ ಹೋಗುತ್ತದೆ, ಆಗ ಬೂಸ್ಟ್ ಏರಿಸಲು, ಟೈಮಿಂಗ್ (ಕಿಡಿ ಹಾರುವ ಸಮಯ) ಮುಂದೆ ತರಲು ಜಾಗ ಸಿಗುತ್ತದೆ. ಪವರ್ ಬರುವುದು ಆ ಜಾಗದಿಂದ, ಎಥನಾಲಿನಿಂದಲ್ಲ. ಹಾಗಾಗಿ ಟರ್ಬೊ ಇಲ್ಲದ, ಕಂಪ್ರೆಶನ್ ಕಡಿಮೆ ಇರುವ ಸಾಮಾನ್ಯ ಗಾಡಿಗೆ ಇದರಿಂದ ಸಿಗುವುದು ಹೆಚ್ಚಾಗಿ ಮೈಲೇಜ್ ನಷ್ಟ ಮಾತ್ರ.

ಈಗ ಲೆಕ್ಕಕ್ಕೆ ಬರೋಣ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು, ಇ85ಕ್ಕೆ ಹತ್ತಿರ ಹತ್ತಿರ 9.8. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು, ಲೀಟರ್ ಲೆಕ್ಕದಲ್ಲಿ ಶೇ 35ರಿಂದ 40ರಷ್ಟು. ನಿಮ್ಮ ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಪೆಟ್ರೋಲಿನಲ್ಲಿ ಫುಲ್ ಥ್ರಾಟಲ್‌ಗೆ ಶೇ 65 ಡ್ಯೂಟಿಯಲ್ಲಿ (ಅದು ತೆರೆದಿರುವ ಸಮಯದ ಪಾಲು) ಕೆಲಸ ಮಾಡುತ್ತಿದ್ದರೆ, ಇ85ರಲ್ಲಿ ಅದು 91ಕ್ಕೆ ಏರುತ್ತದೆ. 85 ದಾಟಿದರೆ ಇಂಜೆಕ್ಟರ್ ದೊಡ್ಡದು ಹಾಕಬೇಕು ಅಂತಲೇ ಅರ್ಥ. ಅದೂ ಬೂಸ್ಟ್ ಏರಿಸುವ ಮುಂಚಿನ ಮಾತು. ಗಾಡಿಯ ಇಂಧನ ಪಂಪಿಗೂ ಇದೇ ಲೆಕ್ಕ. ಡೈರೆಕ್ಟ್ ಇಂಜೆಕ್ಷನ್ (ಇಂಧನವನ್ನು ನೇರ ಸಿಲಿಂಡರ್ ಒಳಗೆ ಚಿಮ್ಮಿಸುವ) ಗಾಡಿಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಹೈ ಪ್ರೆಷರ್ ಪಂಪ್. ರೈಲ್ ಪ್ರೆಷರ್ (ಇಂಜೆಕ್ಟರಿಗೆ ಹೋಗುವ ಇಂಧನದ ಒತ್ತಡ) ಲಾಗ್ ಮಾಡಿ ನೋಡಿ, ಮೇಲಿನ ಆರ್‌ಪಿಎಂನಲ್ಲಿ ಪ್ರೆಷರ್ ಕುಸಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟೆಲ್ಲ ಬದಲಿಸಲು ಮನಸ್ಸಿಲ್ಲದಿದ್ದರೆ ಇ30 ಮಿಶ್ರಣ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ರಸ್ತೆ ಮೇಲೆ ಓಡಿಸುವ ಗಾಡಿಗೆ ಅದೇ ಸರಿ, ಲಾಭದ ದೊಡ್ಡ ಪಾಲು ಸಿಗುತ್ತದೆ, ತಲೆನೋವು ಅರ್ಧಕ್ಕೂ ಕಡಿಮೆ. ಅದಕ್ಕೂ ಟ್ಯೂನ್ ಬೇಕೇ ಬೇಕು, ಅದು ಬೇರೆ ಮಾತು. ಲೆಕ್ಕ ಸುಲಭ. 40 ಲೀಟರ್ ಟ್ಯಾಂಕಿಗೆ ಇ10 ಮತ್ತು ಇ85 ಸೇರಿಸಿ ಇ30 ಬರಬೇಕಾದರೆ, 30ರಿಂದ 10 ಕಳೆಯಿರಿ, 20. 85ರಿಂದ 10 ಕಳೆಯಿರಿ, 75. ಇಪ್ಪತ್ತನ್ನು ಎಪ್ಪತ್ತೈದರಿಂದ ಭಾಗಿಸಿ 40ರಿಂದ ಗುಣಿಸಿದರೆ 10.7. ಅಷ್ಟು ಲೀಟರ್ ಇ85, ಉಳಿದದ್ದು ಇ10. ಟ್ಯಾಂಕಿನಲ್ಲಿ ಹಳೆಯದು ಉಳಿದಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ, ಜನ ಎಡವುವುದು ಇಲ್ಲೇ.

ಆದರೆ ಬಂಕಿನ ಪಂಪಿನ ಮೇಲೆ 85 ಅಂತ ಬರೆದಿದೆ ಅಂದಮಾತ್ರಕ್ಕೆ ಒಳಗಿರುವುದು 85 ಅಲ್ಲ. ಚಳಿಗಾಲದಲ್ಲಿ ಗಾಡಿ ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಎಥನಾಲ್ ಕಡಿಮೆ ಮಾಡುವ ಕಡೆಗಳಿವೆ. ಕಡಿಮೆ ಇದ್ದರೆ ಏನಾಯ್ತು ಅಂದುಕೊಳ್ಳಬೇಡಿ. 85ಕ್ಕೆ ಟ್ಯೂನ್ ಮಾಡಿದ ಗಾಡಿಗೆ 60 ಬಿದ್ದರೆ ಮಿಶ್ರಣ ರಿಚ್ (ಇಂಧನ ಹೆಚ್ಚು) ಆಗುತ್ತದೆ ನಿಜ, ಆದರೆ ಆಕ್ಟೇನ್ ಇಳಿದಿರುತ್ತದೆ, ಟೈಮಿಂಗ್ ಮಾತ್ರ ಹಾಗೇ ಮುಂದಿರುತ್ತದೆ, ಆಗ ನಾಕ್ ಬರುತ್ತದೆ. ಟ್ಯೂನ್ ಮಾಡಿದ್ದಕ್ಕಿಂತ ಎಥನಾಲ್ ಜಾಸ್ತಿ ಬಿದ್ದರೆ ಲೀನ್. ಎರಡು ಕಡೆಯಿಂದಲೂ ಪೆಟ್ಟು.

ಮನೆಯಲ್ಲೇ ಪರೀಕ್ಷಿಸಲು ಅಳತೆ ಗೆರೆ ಇರುವ ಗಾಜಿನ ಸಿಲಿಂಡರ್ ಸಾಕು. 50 ಮಿ.ಲೀ. ನೀರು, 50 ಮಿ.ಲೀ. ಇಂಧನ ಹಾಕಿ, ಮುಚ್ಚಿ ಅಲುಗಿಸಿ, ಆಗಾಗ ಮುಚ್ಚಳ ಸಡಿಲಿಸಿ ಒತ್ತಡ ಬಿಡಿ, ಆಮೇಲೆ ಹತ್ತು ನಿಮಿಷ ಬಿಟ್ಟುಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗುತ್ತದೆ, ಕೆಳಗಿನ ಪದರ ಬೆಳೆಯುತ್ತದೆ. ಗೆರೆ 92ಕ್ಕೆ ಬಂದರೆ 42 ಮಿ.ಲೀ. ಸೇರಿದೆ ಅಂತ, ಅಂದರೆ 50ರಲ್ಲಿ 42, ಶೇ 84. ಅಂದಾಜು ಲೆಕ್ಕವೇ, ಆದರೂ 60ಕ್ಕೂ 85ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ. ಪ್ರತಿ ಸಲ ಇದೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಹಾಕಿಸಿ. ಸಾಮಾನ್ಯವಾಗಿ ಸಿಗುವ ಸೆನ್ಸರ್ ಎಥನಾಲ್ ಸೊನ್ನೆ ಇದ್ದಾಗ 50 ಹರ್ಟ್ಸ್, ನೂರಿದ್ದಾಗ 150 ಹರ್ಟ್ಸ್ ಸಿಗ್ನಲ್ ಕೊಡುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನು ಓದಿ ಮ್ಯಾಪ್ ತಾನೇ ಹೊಂದಿಸಿಕೊಳ್ಳುತ್ತದೆ. ನಿಮ್ಮ ಇಸಿಯುಗೆ ಆ ಸೌಲಭ್ಯ ಇದೆಯಾ ಅಂತ ಮೊದಲೇ ವಿಚಾರಿಸಿ.

ಹಳೆಯ ಗಾಡಿಯಾದರೆ ರಬ್ಬರ್ ಪೈಪ್, ಓ-ರಿಂಗ್ ಎಲ್ಲ ನೋಡಿಸಿ. ಎಥನಾಲ್‌ಗೆ ಆಗದ ರಬ್ಬರ್ ಊದಿಕೊಂಡು ಬಿರುಕು ಬಿಡುತ್ತದೆ. ಟೆಫ್ಲಾನ್ ಒಳಪದರದ ಪೈಪ್, ವೈಟಾನ್ ಓ-ರಿಂಗ್ ಹಾಕಿಸಿದರೆ ಚಿಂತೆ ಇಲ್ಲ. ಇನ್ನು ಫಿಲ್ಟರ್. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಥನಾಲ್ ಕೆರೆದು ತರುತ್ತದೆ. ನಾನು ಇದನ್ನು ಲೆಕ್ಕಕ್ಕೆ ತಗೊಳ್ಳದೆ ಎರಡನೇ ಟ್ಯಾಂಕಿಗೇ ನಡುರಸ್ತೆಯಲ್ಲಿ ನಿಂತೆ, ಪಂಪ್ ಸುಟ್ಟಿದೆ ಅಂತ ಅರ್ಧ ದಿನ ಹುಡುಕಾಡಿದ್ದಾಯಿತು, ಕೊನೆಗೆ ನೋಡಿದರೆ ಫಿಲ್ಟರ್ ಕಟ್ಟಿತ್ತು. ಒಂದೆರಡು ಟ್ಯಾಂಕ್ ಮುಗಿದ ಮೇಲೆ ಬದಲಿಸಿಬಿಡಿ.

ಟ್ಯೂನ್ ಮಾಡುವಾಗ ವೈಡ್‌ಬ್ಯಾಂಡ್ ಮೀಟರನ್ನು (ಹೊಗೆ ನೋಡಿ ಗಾಳಿ-ಇಂಧನದ ಅನುಪಾತ ಹೇಳುವುದು) ಲ್ಯಾಂಬ್ಡಾದಲ್ಲಿ, ಅಂದರೆ ನಿಜವಾದ ಅನುಪಾತವನ್ನು ಆ ಇಂಧನ ಪೂರ್ತಿ ಉರಿಯಲು ಬೇಕಾದ ಅನುಪಾತದಿಂದ ಭಾಗಿಸಿದ ಅಂಕಿಯಲ್ಲಿ, ಓದುವುದನ್ನು ರೂಢಿ ಮಾಡಿಕೊಳ್ಳಿ. ಮೀಟರ್ 12.0 ತೋರಿಸುತ್ತಿದ್ದರೆ ಅದು ಪೆಟ್ರೋಲಿನ ಅಳತೆಯ 12, ಒಳಗೆ ಇ85 ಇದ್ದಾಗ ನಿಜವಾದ ಅನುಪಾತ 8. ಲ್ಯಾಂಬ್ಡಾ ಮಾತ್ರ ಎರಡರಲ್ಲೂ 0.82, ಗೊಂದಲವೇ ಇಲ್ಲ.

ಟೈಮಿಂಗ್ ವಿಷಯದಲ್ಲಿ ಆಸೆ ಬೇಡ. ಪೆಟ್ರೋಲಿನಲ್ಲಿ ಜಾಸ್ತಿಯಾದರೆ ನಾಕ್ ಬಂದು ಎಚ್ಚರಿಸುತ್ತದೆ, ಎಥನಾಲ್‌ನಲ್ಲಿ ಆ ಎಚ್ಚರಿಕೆ ಬರದೇ ಇರಬಹುದು, ಸದ್ದಿಲ್ಲದೆ ಸಿಲಿಂಡರ್ ಒತ್ತಡ ಏರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದೊಂದೇ ಡಿಗ್ರಿ ಮುಂದೆ ತನ್ನಿ, ಟಾರ್ಕ್ ಏರುವುದು ನಿಂತ ಕೂಡಲೇ ಒಂದೆರಡು ಡಿಗ್ರಿ ಹಿಂದಕ್ಕೆ ಬನ್ನಿ. ಬೂಸ್ಟ್ ಏರಿಸಿದ್ದರೆ ಒಂದು ಹಂತ ಕೋಲ್ಡ್ (ಶಾಖವನ್ನು ಬೇಗ ಬಿಟ್ಟುಕೊಡುವ) ಸ್ಪಾರ್ಕ್ ಪ್ಲಗ್ ಹಾಕಿ, ಗ್ಯಾಪ್ ಸ್ವಲ್ಪ ಕಮ್ಮಿ ಮಾಡಿ.

ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ತಣ್ಣಗಿರುವಾಗ ಎಥನಾಲ್ ಸರಿಯಾಗಿ ಆವಿಯಾಗುವುದಿಲ್ಲ. ಕ್ರ್ಯಾಂಕ್ ಮಾಡುವಾಗಿನ ಇಂಧನ ಹೆಚ್ಚಿಸಿದರೆ ಸರಿಹೋಗುತ್ತದೆ. ಆದರೆ ಆ ಹೆಚ್ಚಿನ ಇಂಧನದಲ್ಲಿ ಒಂದಷ್ಟು ಆಯಿಲ್‌ಗೆ ಇಳಿಯುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಾದರೆ ಆಯಿಲ್ ಮುಚ್ಚಳದ ಕೆಳಗೆ ಹಾಲಿನಂಥ ಕೆನೆ ಕಾಣಬಹುದು. ಆಯಿಲ್ ಬೇಗ ಬದಲಿಸಿ, ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಇ85 ಟ್ಯಾಂಕಿನಲ್ಲಿ ಬಿಡಬೇಡಿ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಖಾಲಿ ಮಾಡಿ ಪೆಟ್ರೋಲ್ ತುಂಬಿಸಿ, ಪೆಟ್ರೋಲಿನ ಮ್ಯಾಪ್ ಹಾಕಿ, ಇಂಜೆಕ್ಟರ್ ತನಕ ಅದು ಬರುವವರೆಗೆ ನಿಧಾನವಾಗಿ ಒಂದು ಸುತ್ತು ಓಡಿಸಿ ನಿಲ್ಲಿಸಿ.