ಮೊದಲು ಮಾರುವ ಗಾಡಿ ಗೊತ್ತಾಗಲಿ: ಪುಣೆಯಲ್ಲಿ ಬೈಕ್ ಬದಲಿಸುವವರಿಗೆ

ಎರಡು ಗಾಡಿ ಇದ್ದವರಿಗೆ ಮೂರನೆಯದರ ಮೇಲೆ ಮನಸ್ಸಾದಾಗ ಕಾಲು ಮೊದಲು ಶೋರೂಮಿನ ಕಡೆ ನಡೆಯುತ್ತದೆ. ಲೆಕ್ಕ ತಪ್ಪುವುದು ಅಲ್ಲೇ. ಬುಕಿಂಗ್ ಆದ ಮೇಲೆ ಹಳೆಯದನ್ನು ಮಾರಲು ಹೊರಟರೆ, ಡೆಲಿವರಿ ದಿನ ಹತ್ತಿರವಾದಷ್ಟೂ ಚೌಕಾಸಿಯ ಬಲ ಇಳಿಯುತ್ತದೆ. ವಾಕಡ್, ಬಾಣೇರ್, ಖರಾಡಿಯ ಸೊಸೈಟಿಗಳಲ್ಲಿ ಮೂರನೇ ಟೂವೀಲರ್‌ಗೆ ಜಾಗ ಸಿಗುವುದೂ ಕಷ್ಟ. ಕೊನೆಗೆ ಎಕ್ಸ್‌ಚೇಂಜ್‌ನಲ್ಲಿ ಅವರು ಹೇಳಿದ ಬೆಲೆಗೆ ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ ಯಾವುದನ್ನು ಕೊಡುವುದು ಎಂಬುದು ಮೊದಲು ಇತ್ಯರ್ಥವಾಗಲಿ. ಅದು ಆದರೆ ಯಾವುದನ್ನು ತರುವುದು ಎಂಬುದೂ ಅರ್ಧ ಇತ್ಯರ್ಥವಾದಂತೆ.

ಮೂರು ತಿಂಗಳ ಮೀಟರ್

ಪ್ರತಿ ಭಾನುವಾರ ರಾತ್ರಿ ಎರಡೂ ಗಾಡಿಗಳ ಮೀಟರ್ ಫೋಟೊ ತೆಗೆದಿಡಿ. ಎಲ್ಲಿಗೆ ಹೋದದ್ದು, ಹಿಂದೆ ಯಾರು ಕೂತಿದ್ದರು, ಇಷ್ಟು ಬರೆದುಕೊಂಡರೆ ಸಾಕು. ಹನ್ನೆರಡು ಫೋಟೊ ಆಗುವಷ್ಟರಲ್ಲಿ ಯಾವ ಗಾಡಿ ಯಾವ ಕೆಲಸಕ್ಕಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನೆನಪಿನ ಮೇಲೆ ಹೇಳಿದರೆ ಎಲ್ಲರೂ ತಿಂಗಳಿಗೆ ಎರಡು ಸಲ ತಾಮ್ಹಿಣಿ ಘಾಟ್‌ಗೆ ಹೋಗುವವರೇ. ಮೀಟರ್ ಹೇಳುವುದು ಬೇರೆ.

ಉದಾಹರಣೆಗೆ, ಒಂದು 125 ಸಿಸಿ ಗಾಡಿ ಮತ್ತು ರಾಯಲ್ ಎನ್‌ಫೀಲ್ಡ್‌ನ ಒಂದು ಕ್ಲಾಸಿಕ್ 350 ಇದೆ, ಅದೇ ಕಂಪನಿಯ ಹಿಮಾಲಯನ್ 450 ತರುವ ಆಸೆ ಇದೆ ಎಂದುಕೊಳ್ಳಿ. ಚಿಕ್ಕದನ್ನು ಕೊಟ್ಟುಬಿಡೋಣ ಎಂದೇ ಬಹಳ ಮಂದಿಗೆ ತೋಚುತ್ತದೆ. ಆದರೆ ದಿನಾ ಹಿಂಜವಡಿಗೆ ಹೋಗಿ ಬರುವುದು, ಮಂಡಿಯಿಂದ ತರಕಾರಿ ತರುವುದು, ಮಳೆಯಲ್ಲಿ ರಸ್ತೆ ಬದಿ ನಿಲ್ಲಿಸಿ ಹೋಗುವುದು, ಇವೆಲ್ಲ 125ರ ಕೆಲಸ. 196 ಕಿಲೊ ತೂಕದ, 825 ಮಿಲಿಮೀಟರ್ ಸೀಟ್ ಎತ್ತರದ 450 ಅದನ್ನು ಮಾಡಲಾರದು. ಮಾಡಿದರೂ ನಿಮ್ಮ ಸೊಂಟ ಒಪ್ಪದು. ಕ್ಲಾಸಿಕ್ ಮಾಡುತ್ತಿದ್ದದ್ದು ಭಾನುವಾರದ ಘಾಟ್ ಮತ್ತು ವರ್ಷಕ್ಕೆರಡು ಸಲ ಹುಬ್ಬಳ್ಳಿ. ಅದನ್ನು 450 ಇನ್ನೂ ಚೆನ್ನಾಗಿ ಮಾಡುತ್ತದೆ. ಹೋಗಬೇಕಾದದ್ದು ಕ್ಲಾಸಿಕ್. ಯಾರ ಕೆಲಸವನ್ನು ಇನ್ನೊಬ್ಬರು ಮಾಡಬಲ್ಲರೋ ಅವರಿಗೆ ರಜೆ, ಇದೇ ಲೆಕ್ಕ. ಆದರೆ ಫೋಟೊಗಳ ಪಕ್ಕದಲ್ಲಿ ಪದೇಪದೇ ‘ಹಿಂದೆ ಹೆಂಡತಿ’ ಎಂದು ಬರೆದಿದ್ದರೆ ಅವರನ್ನು 450ರ ಹಿಂದೆ ಕೂರಿಸಿ ಅರ್ಧ ಗಂಟೆ ಸುತ್ತದೆ ಕ್ಲಾಸಿಕ್ ಕೊಡಬೇಡಿ.

ಸುಮ್ಮನೆ ನಿಂತ ಗಾಡಿಯೂ ಹಣ ತಿನ್ನುತ್ತದೆ. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಇಂಜಿನ್ ಆಯಿಲ್ ಬದಲಿಸಬೇಕು. ಬ್ಯಾಟರಿ ನಿಂತಲ್ಲೇ ಸಾಯುತ್ತದೆ, ಟೈರ್ ಗಟ್ಟಿಯಾಗುತ್ತದೆ. ಥರ್ಡ್ ಪಾರ್ಟಿ ವಿಮೆ, 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ, 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ. 350 ದಾಟಿದರೆ 2,804. ಇದಕ್ಕೆ ಸವಕಳಿ ಸೇರಿಸಿ. ವಿಮೆಯವರ ಕೋಷ್ಟಕದಲ್ಲಿ ಎರಡು ವರ್ಷದೊಳಗಿನ ಗಾಡಿಗೆ 20%, ಮೂರರೊಳಗೆ 30%, ನಾಲ್ಕರೊಳಗೆ 40%, ಐದರೊಳಗೆ 50% ಕಳೆಯುತ್ತಾರೆ. ಎರಡು ಲಕ್ಷದ ಗಾಡಿಗೆ ವರ್ಷಕ್ಕೆ 20,000 ಸವಕಳಿ, ವಿಮೆ ಸರ್ವಿಸ್ ಸೇರಿ 9,000 ಎಂದಿಟ್ಟುಕೊಂಡರೂ 29,000 ಆಯಿತು. ವರ್ಷಕ್ಕೆ 1,500 ಕಿಲೊಮೀಟರ್ ಮಾತ್ರ ಓಡಿದರೆ ಪೆಟ್ರೋಲ್ ಹಾಕುವ ಮೊದಲೇ ಕಿಲೊಮೀಟರಿಗೆ 19 ರೂಪಾಯಿ ಬಿತ್ತು. ಅಂಥ ಗಾಡಿಯನ್ನು ಕೊಟ್ಟು, ಬೇಕಾದಾಗ ಪುಣೆಯಲ್ಲೇ ಎರಡು ದಿನಕ್ಕೆ ಬಾಡಿಗೆ ಬೈಕ್ ತೆಗೆದುಕೊಳ್ಳುವುದು ಅಗ್ಗ.

ಅಪ್ಪನ ಕಾಲದ ಯೆಜ್ಡಿಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಒಮ್ಮೆ ಕೈಬಿಟ್ಟರೆ ಅದೇ ಗಾಡಿ ಮತ್ತೆ ಸಿಗುವುದಿಲ್ಲ. ಆದರೆ 15 ವರ್ಷ ದಾಟಿದ ಆರ್‌ಸಿಯನ್ನು ಫಾರ್ಮ್ 25 ಹಾಕಿ ಐದೈದು ವರ್ಷಕ್ಕೆ ನವೀಕರಿಸುತ್ತಲೇ ಇರಬೇಕು. ಬಿಟ್ಟರೆ ದಂಡ ಬೆಳೆಯುತ್ತದೆ.

ಕೆಎ ಪಾಸಿಂಗ್ ಗಾಡಿ

ಪುಣೆಯ ಕನ್ನಡಿಗರ ಮಟ್ಟಿಗೆ ಬೆಲೆ ನಿಂತಿರುವುದು ಮುಖ್ಯವಾಗಿ ನಂಬರ್ ಪ್ಲೇಟಿನ ಮೇಲೆ, ಅಂದರೆ ಗಾಡಿ ಯಾವ ಕಡೆಯ ಪಾಸಿಂಗ್ (ನೋಂದಣಿ) ಎಂಬುದರ ಮೇಲೆ. ಊರಿಂದ ತಂದ ಕೆಎ-22 ಬೆಳಗಾವಿ ಪಾಸಿಂಗ್ ಅಥವಾ ಕೆಎ-28 ವಿಜಯಪುರ ಪಾಸಿಂಗ್ ಗಾಡಿಯನ್ನು ಪುಣೆಯಲ್ಲಿ ಮಾರಲು ಹಾಕಿ ನೋಡಿ. ಮೊದಲ ಫೋನ್ ಹೀಗೇ ಬರುತ್ತದೆ: ‘ಸರ, ಎಂಎಚ್-12 ಪಾಸಿಂಗ್ ಇದ್ದರ ಹೇಳ್ರಿ. ಕೆಎ ಇದ್ದರ ಲಾಸ್ಟ್ ಎಷ್ಟಕ್ಕ ಕೊಡ್ತೀರಿ?’ ಹಾಗೆ ಕೇಳಲು ಕಾರಣವಿದೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರ್ ಪಡೆಯಬೇಕು. ಕೊಂಡವರು ನಮ್ಮ ಊರಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಹೊಸ ನಂಬರಿಗೆ ಫಾರ್ಮ್ 27 ಹಾಕಬೇಕು, ಗಾಡಿ ತೋರಿಸಬೇಕು, ಮಹಾರಾಷ್ಟ್ರದ ತೆರಿಗೆ ಕಟ್ಟಬೇಕು. ಆ ಖರ್ಚು ಮತ್ತು ಓಡಾಟವನ್ನೆಲ್ಲ ಅವರು ನಿಮ್ಮ ಬೆಲೆಯಿಂದಲೇ ಕಳೆಯುತ್ತಾರೆ.

ಅಂಥ ಗಾಡಿಯನ್ನು ಊರಿಗೆ ಓಡಿಸಿಕೊಂಡು ಹೋಗಿ ಮಾರುವುದೇ ಸರಿ. ಬೆಳಗಾವಿಗೆ ಸುಮಾರು 340 ಕಿಲೊಮೀಟರ್. ಬೆಳಿಗ್ಗೆ ಐದಕ್ಕೆ ಕಾತ್ರಜ್ ದಾಟಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಒಂದೇ ರಾಜ್ಯದೊಳಗೆ ಮಾಲೀಕತ್ವ ಬದಲಿಸುವ ಫಾರ್ಮ್ 29, 30ರಲ್ಲಿ ಕೆಲಸ ಮುಗಿಯುತ್ತದೆ. ಹಬ್ಬಕ್ಕೆ ಹೋಗುವ ಒಂದು ವಾರ ಮೊದಲೇ ಫೋಟೊ ಹಾಕಿ, ಊರಿನ ಮೆಕ್ಯಾನಿಕ್‌ಗೆ ಹೇಳಿಟ್ಟಿರಿ. ಅಲ್ಲಿ ಗಿರಾಕಿ ಸಿಗುವುದು ಅವರ ಬಾಯಿಂದಲೇ.

ಕೊಳ್ಳುವಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಈ ಗಾಡಿ ಕೊನೆಗೆ ಮಾರಾಟವಾಗುವುದು ಯಾವ ರಾಜ್ಯದಲ್ಲಿ? ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವವರು ಎಂಎಚ್ ಪಾಸಿಂಗ್ ಮಾಡಿಸಿ ಎರಡೂ ಕಡೆ ತೆರಿಗೆ ಕಟ್ಟುವುದಕ್ಕಿಂತ, ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ದರೆ ಬಿಎಚ್ (ಭಾರತ್) ಸರಣಿ, ಅಂದರೆ ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ನಂಬರ್ ಕೇಳಲಿ. 2021ರ ಸೆಪ್ಟೆಂಬರಿನಿಂದ ಇದೆ; ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬೇಕು.

350ರ ಗೆರೆ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18%ಗೆ ಇಳಿಯಿತು. ಅದಕ್ಕೆ ಮೇಲ್ಪಟ್ಟವುಗಳದು ಸೆಸ್ ಸೇರಿ 31% ಇದ್ದದ್ದು 40% ಆಯಿತು. ತೆರಿಗೆಗೆ ಮುಂಚಿನ ಬೆಲೆ ಎರಡು ಲಕ್ಷ ಎಂದಿಟ್ಟುಕೊಂಡರೆ, ಗೆರೆಯ ಕೆಳಗಿನ ಗಾಡಿ 2,56,000ದಿಂದ 2,36,000ಕ್ಕೆ ಬಂತು, ಮೇಲಿನದು 2,62,000ದಿಂದ 2,80,000ಕ್ಕೆ ಏರಿತು. ಇದರಿಂದ ಸೆಕೆಂಡ್ ಹ್ಯಾಂಡ್ ಬೆಲೆಯೂ ಕದಲಿದೆ. 2024ರಲ್ಲಿ ಕೊಂಡ 349 ಸಿಸಿ ಕ್ಲಾಸಿಕ್ ಅಥವಾ ಹಂಟರ್ ಮಾರುವವರು ತಾವು ಅಂದು ಕೊಟ್ಟ ಆನ್-ರೋಡ್ ಬೆಲೆಯನ್ನು ಮರೆಯಬೇಕು. ಗಿರಾಕಿ ಇಂದಿನ ಹೊಸ ಗಾಡಿಯ ಬೆಲೆಯಿಂದ ಕಳೆದು ಮಾತಾಡುತ್ತಾರೆ. 398 ಸಿಸಿ ಸ್ಪೀಡ್ 400, ಹಳೆಯ 411 ಹಿಮಾಲಯನ್, 452 ಸಿಸಿಯ ಹೊಸ ಹಿಮಾಲಯನ್, 648 ಸಿಸಿ ಇಂಟರ್‌ಸೆಪ್ಟರ್ ಇಂಥವುಗಳಿಗೆ ಗೆರೆಯ ಮೇಲಿನ ಗಿರಾಕಿ ಸೆಕೆಂಡ್ ಹ್ಯಾಂಡ್ ಕಡೆ ತಿರುಗಲು ಕಾರಣ ಸಿಕ್ಕಿದೆ. ನಮ್ಮ ಅಭಿಪ್ರಾಯ ಹೀಗೆ: 350ರ ಒಳಗೆ ಬೇಕಿದ್ದರೆ ಹೊಸದು, ಮೇಲೆ ಬೇಕಿದ್ದರೆ ಎರಡು ಮೂರು ವರ್ಷ ಹಳೆಯದು.

ಓಡಿಸಿ ನೋಡುವುದು

ಶೋರೂಮಿನ ಸುತ್ತ ಎರಡು ಕಿಲೊಮೀಟರ್ ಓಡಿಸಿದರೆ ಏನೂ ತಿಳಿಯುವುದಿಲ್ಲ. ಗೆಳೆಯರ ಗಾಡಿಯನ್ನೋ ಬಾಡಿಗೆಯದನ್ನೋ ಒಂದು ದಿನ ಇಟ್ಟುಕೊಳ್ಳಿ. ಸಂಜೆ ಆರೂವರೆಗೆ ಹಿಂಜವಡಿಯಿಂದ ವಾಕಡ್‌ವರೆಗೆ ಬನ್ನಿ. ಒಂದು ಎರಡನೇ ಗೇರ್‌ನಲ್ಲೇ ತೆವಳುವಾಗ ಎಡಗೈ ಎಷ್ಟು ನೋಯುತ್ತದೆ, ಬಲಗಾಲಿಗೆ ಎಷ್ಟು ಶಾಖ ಹೊಡೆಯುತ್ತದೆ ನೋಡಿ. ಮುಂಜಾನೆ ಬೈಪಾಸ್‌ನಲ್ಲಿ 90ರಲ್ಲಿ ಹತ್ತು ನಿಮಿಷ ಓಡಿಸಿ, ಕನ್ನಡಿಯಲ್ಲಿ ಹಿಂದಿನ ಲಾರಿಯ ಆಕಾರ ನಿಚ್ಚಳವಾಗಿ ಕಾಣುತ್ತದೆಯೇ ನೋಡಿ. ಸಾತಾರಾ ಕಡೆ ಖಂಬಾಟ್ಕಿ ಘಾಟ್ ಹತ್ತುವಾಗ ಲಾರಿಯ ಹಿಂದೆ ಸಿಕ್ಕಿ ಮತ್ತೆ ವೇಗ ಹಿಡಿಯಲು ಎಷ್ಟು ಹೊತ್ತು ಬೇಕೆಂಬುದು ಊರಿಗೆ ಓಡಿಸುವವರಿಗೆ ಮುಖ್ಯ. ಮುಂಬೈ ಕಡೆಗಾದರೆ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದೇ ಇಲ್ಲ, ಖಂಡಾಲಾ ಘಾಟ್‌ನ ಹಳೆಯ ಹೆದ್ದಾರಿಯೇ ಗತಿ. ಆ ದಾರಿಗಾಗಿ ದೊಡ್ಡ ಇಂಜಿನ್ ಬೇಕಿಲ್ಲ.

ಕೊನೆಯದು ಬೇಸ್‌ಮೆಂಟಿನ ಪರೀಕ್ಷೆ. ಇಂಜಿನ್ ಆಫ್ ಮಾಡಿ ಗಾಡಿಯ ಮೇಲೆ ಕೂತು, ಪಾರ್ಕಿಂಗಿನ ಸಣ್ಣ ಏರಿನಲ್ಲಿ ಕಾಲಿನಿಂದ ಹಿಂದಕ್ಕೆ ತಳ್ಳಿ. ಹಿಮ್ಮಡಿ ಎದ್ದು ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿದ್ದರೆ ಗಾಡಿ ಕದಲುವುದಿಲ್ಲ. ಪುಣೆಯ ಮಳೆಗಾಲದಲ್ಲಿ ನೆಲ ಪಾಚಿ ಕಟ್ಟಿದಾಗ ಅಲ್ಲೇ ಬೀಳುತ್ತದೆ. ನಿಂತ ಗಾಡಿ ಬಿದ್ದು ಲಿವರ್ ಮುರಿಯುವುದು ಹೀಗೆಯೇ.

ಟ್ಯಾಂಕ್ 13 ಲೀಟರೋ 17 ಲೀಟರೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕೊಲ್ಹಾಪುರದ ದಾರಿಯಲ್ಲಿ ಬಂಕ್‌ಗಳಿಗೆ ಬರವಿಲ್ಲ. ಟ್ಯೂಬ್‌ಲೆಸ್ಸೋ ಅಲ್ಲವೋ ಎಂಬುದನ್ನು ಮಾತ್ರ ಕೇಳಿ. ಮುಳಶಿ ದಾಟಿದ ಮೇಲೆ ಟ್ಯೂಬ್ ಟೈರ್ ಪಂಕ್ಚರ್ ಆದರೆ ಚಕ್ರ ಬಿಚ್ಚುವುದೊಂದೇ ದಾರಿ.

ಹಳೆಯದು ಕೊಳ್ಳುವುದಾದರೆ

‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ. ಹೋದೊಡನೆ ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟ್‌ನ ಸದ್ದು ನಿಮಗೆ ಕೇಳಿಸಬಾರದು ಎಂದೇ ಅರ್ಥ; ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಕಟಕಟ ಸದ್ದು ಬಂದು ಬಿಸಿಯಾದ ಮೇಲೂ ನಿಲ್ಲದಿದ್ದರೆ ಟೈಮಿಂಗ್ ಚೈನ್ ಅಥವಾ ಟ್ಯಾಪೆಟ್ ನೋಡಿಸಬೇಕು. ಆಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ.

ಆಮೇಲೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು ಮುಂದಿನ ಚಕ್ರ ಗಾಳಿಯಲ್ಲಿರಲಿ. ಹ್ಯಾಂಡಲ್ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಎಡದಿಂದ ಬಲಕ್ಕೆ ತಿರುಗಿಸಿ. ನಟ್ಟನಡುವೆ ಎಲ್ಲೋ ಸಣ್ಣ ಗುಳಿಗೆ ಬಿದ್ದಂತೆ ಹ್ಯಾಂಡಲ್ ತಡೆದು ನಿಂತರೆ ಬೇರಿಂಗ್ ತಿಂದಿದೆ. ಚಕ್ರವನ್ನು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಸಡಿಲವಾಗಿದೆ. 411 ಹಿಮಾಲಯನ್‌ನಲ್ಲಿ ಇದನ್ನೇ ಮೊದಲು ನೋಡಿ.

ಫೋರ್ಕ್ ಪೈಪ್ ಮೇಲೆ ಟಿಶ್ಯೂ ಸುತ್ತಿ ನಾಲ್ಕು ಸಲ ಒತ್ತಿ. ಎಣ್ಣೆ ಹತ್ತಿದರೆ ಸೀಲ್ ಹೋಗಿದೆ. ಟೈರ್‌ನ ಬದಿಯಲ್ಲಿರುವ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಐದು ವರ್ಷ ದಾಟಿದ ಟೈರ್‌ಗೆ ಬಟನ್ ಎಷ್ಟಿದ್ದರೂ ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ಬ್ಯಾಟರಿ ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಸುತ್ತ, ಓಡುವಾಗ 13.5ರಿಂದ 14.5 ಇರಬೇಕು.

ಸಾಂಗ್ಲಿ, ಕೊಲ್ಹಾಪುರ 2019 ಮತ್ತು 2021ರಲ್ಲಿ ಮುಳುಗಿದವು; 2024ರ ಜುಲೈನಲ್ಲಿ ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿಗೂ ನೀರು ನುಗ್ಗಿತು. ನೀರಲ್ಲಿ ನಿಂತ ಗಾಡಿ ಪಾಲಿಶ್ ಆದ ಮೇಲೆ ಹೊಸದರಂತೆ ಹೊಳೆಯುತ್ತದೆ. ಸೀಟ್ ತೆಗೆದು ವೈರಿಂಗ್ ಕಪ್ಲರ್ ಬಿಡಿಸಿ. ಪಿನ್‌ಗಳಲ್ಲಿ ಹಸಿರು ಪುಡಿ, ಹೆಡ್‌ಲೈಟ್ ಒಳಗೆ ಕೆಸರಿನ ಗೆರೆ ಕಂಡರೆ ಮಾತೇ ಬೇಡ.

ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಲೋನ್, ಚಲನ್, ವಿಮೆಯ ಅವಧಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಬಿಡಿಭಾಗದ ಬೆಲೆ ಗೊತ್ತಿಲ್ಲದಿದ್ದರೆ ನಾನಾ ಪೇಟೆಯಲ್ಲಿ ವಿಚಾರಿಸಿ ಬಂದು ಚೌಕಾಸಿಗೆ ಕೂರಿ.

ಕೊಡುವಾಗ

ಗುಡಿ ಪಾಡವಾ, ದಸರಾ, ಧನತ್ರಯೋದಶಿ ಮುಗಿದೊಡನೆ ಎಕ್ಸ್‌ಚೇಂಜಿಗೆ ಬಂದ ಹಳೆಯ ಗಾಡಿಗಳು ಮಾರುಕಟ್ಟೆಗೆ ಸುರಿಯುತ್ತವೆ. ಹಬ್ಬಕ್ಕೆ ತಿಂಗಳು ಮುಂಚೆಯೇ ಮಾರಿ. ಡಿಸೆಂಬರ್ ದಾಟಿಸಬೇಡಿ; ಜನವರಿ ಬಂದರೆ ಗಿರಾಕಿಯ ಬಾಯಲ್ಲಿ ಗಾಡಿಗೆ ಒಂದು ವರ್ಷ ಹೆಚ್ಚು ವಯಸ್ಸು.

ಜಾಹೀರಾತು ಹಾಕುವ ಮೊದಲೇ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಸಾಲದ ನಮೂದು ತೆಗೆಸಿ. ಚಲನ್ ಕಟ್ಟಿ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿ. ಎರಡನೇ ಕೀಲಿ ಹುಡುಕಿ. ಗೀರುಗಳಿಗೆ ಬಣ್ಣ ಬಳಿಸಬೇಡಿ. ಬಣ್ಣ ಕಂಡರೆ ಆಕ್ಸಿಡೆಂಟ್ ಗಾಡಿ ಎಂದು ಅನುಮಾನ ಬರುತ್ತದೆ.

ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ ಗಾಡಿ ಕೊಟ್ಟು ಕಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಡಿ ಕೈಬದಲಾದರೂ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವ್ಯಕ್ತಿಗೆ ಮಾರಿದರೆ 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಿ, ಕೊಂಡವರ ಆಧಾರ್ ಪ್ರತಿ ಇಟ್ಟುಕೊಳ್ಳಿ, ಗಾಡಿ ಕೊಟ್ಟ ದಿನ, ಗಂಟೆ, ಮೀಟರ್ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ. ಡೀಲರ್‌ಗೆ ಮಾರಿದರೆ ಅವರು ಆರ್‌ಟಿಒದಿಂದ ಅಧಿಕೃತರೇ ಎಂದು ಕೇಳಿ, ಫಾರ್ಮ್ 29ಸಿ ಆನ್‌ಲೈನ್‌ನಲ್ಲಿ ಹಾಕಿಸಿಯೇ ಕೀಲಿ ಕೊಡಿ. 2023ರ ಏಪ್ರಿಲ್‌ನಿಂದ ಆ ಫಾರ್ಮ್ ಹಾಕಿದ ಮೇಲೆ ಗಾಡಿಯ ಹೊಣೆ ಡೀಲರ್‌ನದು.

ವಿಮೆಯಲ್ಲಿ ಕ್ಲೇಮ್ ಮಾಡದೆ ಗಳಿಸಿದ ಬೋನಸ್ ಗಾಡಿಯದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಯ) ಪ್ರೀಮಿಯಂನಲ್ಲಿ 50% ರಿಯಾಯಿತಿ. ಮಾರಿದ ಪುರಾವೆ ಕೊಟ್ಟು ವಿಮಾ ಕಂಪನಿಯಿಂದ ಈ ಬೋನಸ್‌ನ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಪತ್ರ ತೆಗೆದುಕೊಳ್ಳಿ. ಮೂರು ವರ್ಷ ನಡೆಯುತ್ತದೆ. ಹೊಸ ಗಾಡಿಯ ಪಾಲಿಸಿ ಮಾಡುವಾಗ ಶೋರೂಮಿನವರು ಇದನ್ನು ತಾವಾಗಿ ಕೇಳುವುದು ಅಪರೂಪ, ನೀವೇ ಮುಂದಿಡಿ.